ಬಾಗಿಲು ಮಾರಿದವನ ಹೊಣೆ

ಧಾರವಾಡದಿಂದ ಬೆಳಗಾವಿಯ ಹಾದಿ ಹಿಡಿದು ಹೊರಟರೆ ಮುಮ್ಮಿಗಟ್ಟಿ, ಕೋಟೂರುಗಳ ಆಸುಪಾಸಿನಲ್ಲಿ ಬೇಲೂರು ಕೈಗಾರಿಕಾ ಪ್ರದೇಶವು ಹೆದ್ದಾರಿಯ ಬದಿಗೆ ಹಬ್ಬಿಕೊಂಡಿದೆ. ಒಂದು ಕಾಲಕ್ಕೆ ರೈತರ ಹೊಲಗಳಿದ್ದ ಆ ನೆಲದ ಮೇಲೆ ಇಂದು ಟಾಟಾ ಮೋಟಾರ್ಸಿನ ವಾಹನ ಕಾರಖಾನೆಯಿದೆ, ಬಸ್ಸಿನ ಒಡಲು ಕಟ್ಟುವ ಕಾರಖಾನೆಯಿದೆ, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ದೊಡ್ಡ ಘಟಕಗಳಿವೆ. ಬೆಳಗಿನ ಪಾಳಿಗೆ ಊರೂರಿನಿಂದ ಬಸ್ಸು ಹತ್ತಿ ಬರುವ ಸಾವಿರಾರು ತರುಣರ ಅನ್ನ ಅಲ್ಲಿದೆ.

ಆ ತರುಣರ ತಂದೆಯರ ಕಾಲದಲ್ಲಿ ಕೆಲಸಗಾರನ ಕೈ ನೇರವಾಗಿ ಯಂತ್ರದ ಹಿಡಿಕೆಯ ಮೇಲಿರುತ್ತಿತ್ತು. ಇಂದು ಕೈಗೂ ಯಂತ್ರಕ್ಕೂ ನಡುವೆ ಸಾಫ್ಟ್‌ವೇರ್ ಬಂದು ನಿಂತಿದೆ. ಲೇಥು ಎಷ್ಟು ಕೊರೆಯಬೇಕು, ಒತ್ತುಯಂತ್ರ ಯಾವಾಗ ಇಳಿಯಬೇಕು ಎಂಬುದನ್ನು ಅದು ನಿರ್ಣಯಿಸುತ್ತದೆ. ಗೇಟಿನಲ್ಲಿ ಬೆರಳೊತ್ತಿಸಿಕೊಂಡು ಹಾಜರಿ ಬರೆಯುವುದೂ ಅದೇ, ತಿಂಗಳ ಕೊನೆಗೆ ಪಗಾರದ ಲೆಕ್ಕ ಹಾಕುವುದೂ ಅದೇ. ಹೀಗಿರುವಾಗ ಆ ಸಾಫ್ಟ್‌ವೇರ್ ಕಳ್ಳನ ಕೈಗೆ ಸಿಗದಂತೆ ಕಟ್ಟಲ್ಪಟ್ಟಿದೆಯೇ ಎಂಬ ಪ್ರಶ್ನೆ ಇಂಜಿನಿಯರರ ಚರ್ಚಾಕೂಟಕ್ಕೆ ಮಾತ್ರ ಸೇರಿದುದೆಂದು ದುಡಿಯುವ ಜನ ಸುಮ್ಮನಿರಲು ಬರುವುದಿಲ್ಲ.

ಸಾಫ್ಟ್‌ವೇರನ್ನು ಮೊದಲಿನಿಂದಲೇ ಸುರಕ್ಷಿತವಾಗಿ ರೂಪಿಸಲು ಸಾಧ್ಯವೇ? ಅಥವಾ ಪ್ರತಿ ಕಳವಿನ ಬಳಿಕ ತೇಪೆ ಹಚ್ಚುತ್ತ ಹೋಗುವುದೇ ಅದರ ಹಣೆಬರಹವೇ? ಮಾರುವ ಕಂಪನಿಗಳನ್ನು ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿದೆ: ಪೂರ್ಣ ಸುರಕ್ಷಿತವಾದ ಸಾಫ್ಟ್‌ವೇರ್ ಎಂಬುದು ಜಗತ್ತಿನಲ್ಲಿ ಇಲ್ಲ, ಆದ್ದರಿಂದ ನಮ್ಮನ್ನು ದೂರಬೇಡಿರಿ. ಈ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧ ನಿಜವಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕಾರಖಾನೆಯ ಕಾಯಿದೆಯಿಂದಲೇ ಆರಂಭಿಸೋಣ. 1948ರ ಫ್ಯಾಕ್ಟರಿ ಕಾಯಿದೆಯ 21ನೆಯ ಕಲಮು ಯಂತ್ರದ ಅಪಾಯಕಾರಿ ಚಲಿಸುವ ಭಾಗಗಳಿಗೆ ಗಟ್ಟಿಯಾದ ರಕ್ಷಣೆಯ ಬೇಲಿ ಇರಲೇಬೇಕೆಂದು ವಿಧಿಸಿತು. 26ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಿರುಗುವ ದಂಡದ ಮೇಲಿನ ಬೋಲ್ಟು, ಕೀಲಿಗಳು ಹೊರಗೆ ಚಾಚಿಕೊಂಡಿರದಂತೆ ಹೊಸ ಯಂತ್ರವನ್ನು ಹುಟ್ಟಿನಲ್ಲಿಯೇ ಮುಚ್ಚಿ ಕಟ್ಟಬೇಕು; ಹಾಗೆ ಕಟ್ಟದ ಯಂತ್ರವನ್ನು ಕಾರಖಾನೆಗೆ ಮಾರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದು ಅದು ಹೇಳಿತು. ಗಮನಿಸಬೇಕಾದ ಮಾತು ಇದು: ಶಿಕ್ಷೆ ಬಳಸಿದವನಿಗಲ್ಲ, ಮಾರಿದವನಿಗೆ. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ವಿಷಾನಿಲಕ್ಕೆ ಬಲಿಯಾದ ತರುವಾಯ, 1987ರ ತಿದ್ದುಪಡಿಯಲ್ಲಿ, ಕಾರಖಾನೆಗೆಂದು ವಸ್ತುವನ್ನು ರೂಪಿಸುವ, ತಯಾರಿಸುವ, ಆಮದು ಮಾಡುವ, ಪೂರೈಸುವ ಎಲ್ಲರ ಮೇಲೆಯೂ ಅದು ಸುರಕ್ಷಿತವಾಗಿ ರೂಪುಗೊಂಡಿರಬೇಕೆಂಬ ಹೊಣೆಯನ್ನು ಹೊರಿಸಲಾಯಿತು. 1948ರ ಕಾಯಿದೆಯ ಸ್ಥಾನಕ್ಕೆ 2020ರ ವೃತ್ತಿ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಆ ಸಂಹಿತೆಯ ಇತರ ಕಲಮುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಇರುವ ವಿರೋಧ ಬೇರೆ ಮಾತು. ರೂಪಿಸುವವನ ಹೊಣೆಯ ಕಲಮು ಅದರಲ್ಲಿಯೂ ಉಳಿದಿದೆ. ಆದರೆ ಆ ಕಲಮಿನಲ್ಲಿ ಸಾಫ್ಟ್‌ವೇರಿನ ಹೆಸರೆತ್ತಿ ಹೇಳಿದ ಮಾತಿಲ್ಲ. ಬೋಲ್ಟು ಹೊರಚಾಚಿದ ಯಂತ್ರ ಮಾರಿದರೆ ಅಪರಾಧ. ಅದೇ ಯಂತ್ರದ ಬುದ್ಧಿಯನ್ನು ಯಾವನೂ ಹೊಕ್ಕು ಕೆಡಿಸಬಹುದಾದಂತೆ ತೆರೆದಿಟ್ಟು ಮಾರಿದರೆ ವ್ಯಾಪಾರ!

ಸುರಕ್ಷಿತವಾಗಿ ರೂಪಿಸುವುದೆಂದರೇನು ಎಂಬುದನ್ನು ಹುಬ್ಬಳ್ಳಿಯ ರೈಲ್ವೆ ಕಾರ್ಮಿಕರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಕಬ್ಬಿಣದ ಲಿವರುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತಿದ್ದವು. ಒಂದು ಹಳಿಗೆ ದಾರಿ ಬಿಟ್ಟರೆ, ಅದಕ್ಕೆ ಎದುರಾಗುವ ಇನ್ನೊಂದು ದಾರಿಯ ಲಿವರು ಎಷ್ಟು ಜಗ್ಗಿದರೂ ಬರುತ್ತಿರಲಿಲ್ಲ. ಕ್ಯಾಬಿನ್ನಿನವನು ನಿದ್ದೆಗಣ್ಣಿನಲ್ಲಿದ್ದರೂ, ಹೊಸಬನಾಗಿದ್ದರೂ, ಗಾಬರಿಗೊಂಡಿದ್ದರೂ ಆ ತಪ್ಪನ್ನು ಮಾಡಲು ಯಂತ್ರವೇ ಬಿಡುತ್ತಿರಲಿಲ್ಲ. ಮನುಷ್ಯ ತಪ್ಪು ಮಾಡುವವನೇ ಎಂದು ಒಪ್ಪಿಕೊಂಡು, ಆ ತಪ್ಪು ಪ್ರಾಣಕ್ಕೆ ಎರವಾಗದಂತೆ ಮೊದಲೇ ಕಟ್ಟುವುದು — ಇದೇ ಮೂಲತತ್ತ್ವ. ಎಚ್ಚರಿಕೆಯಿಂದಿರಿ ಎಂದು ಗೋಡೆಗೆ ಫಲಕ ಹಚ್ಚುವುದರಿಂದ ಈ ಕೆಲಸ ಆಗುವಂಥದಲ್ಲ.

ಸಾಫ್ಟ್‌ವೇರಿಗೂ ಈ ತತ್ತ್ವ ಹೊಸದಲ್ಲ. 1975ರಷ್ಟು ಹಿಂದೆಯೇ ಅಮೆರಿಕೆಯ ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಇದರ ಸೂತ್ರಗಳನ್ನು ಬರೆದಿಟ್ಟರು. ಬಾಗಿಲು ಮೊದಲು ಮುಚ್ಚಿರಲಿ, ಬೇಕಾದವರಿಗೆ ಮಾತ್ರ ತೆರೆಯಲಿ. ಒಬ್ಬನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ. ರಚನೆ ಸರಳವಾಗಿರಲಿ, ಪರೀಕ್ಷಿಸಲು ಬರುವಂತಿರಲಿ. ಪ್ರತಿಯೊಂದು ಆಜ್ಞೆಯೂ ಯಾರಿಂದ ಬಂತೆಂದು ಪ್ರತಿ ಸಲವೂ ವಿಚಾರಿಸಲ್ಪಡಲಿ. ಒಬ್ಬ ಒಳ್ಳೆಯ ಶಾನುಭೋಗನಿಗೆ ಗೊತ್ತಿದ್ದ ನಿಯಮಗಳೇ ಇವು.

ಆದರೆ ಕಾರಖಾನೆಗಳಲ್ಲಿ ಆದದ್ದೇನು? ಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವ ‘ಮಾಡ್‌ಬಸ್’ ಎಂಬ ಕ್ರಮ 1979ರಲ್ಲಿ ಹುಟ್ಟಿತು. ಇಂದಿಗೂ ಲೋಕದ ತುಂಬ ಬಳಕೆಯಲ್ಲಿದೆ. ಆಜ್ಞೆ ಕೊಟ್ಟವನು ಯಾರೆಂದು ಅದರ ಮೂಲ ರೂಪದಲ್ಲಿ ಕೇಳುವ ಪದ್ಧತಿಯೇ ಇಲ್ಲ. ತಂತಿ ಹಿಡಿದವನೇ ಯಜಮಾನ. ಅಂದು ಆ ತಂತಿ ಕಾರಖಾನೆಯ ನಾಲ್ಕು ಗೋಡೆಗಳ ಒಳಗಿತ್ತು. ವಾಡೆಯ ಒಳಕೋಣೆಗೆ ಬೀಗ ಹಾಕದಿದ್ದರೂ ನಡೆಯುತ್ತಿತ್ತು. ಮುಂದೆ ಮಾಲಕರು ದೂರದ ಕಚೇರಿಯಲ್ಲಿ ಕುಳಿತು ಉತ್ಪಾದನೆಯ ಲೆಕ್ಕ ನೋಡಬೇಕೆಂದು ವಾಡೆಯ ಗೋಡೆಯನ್ನು ಕೆಡವಿ ಒಳಕೋಣೆಯನ್ನು ಬೀದಿಗೆ ಕೂಡಿಸಿದರು. ಬೀಗ ಹಾಕುವುದನ್ನು ಮಾತ್ರ ಮರೆತರು. 2010ರಲ್ಲಿ ಬೆಳಕಿಗೆ ಬಂದ, ಇರಾನಿನ ಅಣುಘಟಕದ ಯಂತ್ರಗಳನ್ನು ಕೆಡಿಸಿದ ‘ಸ್ಟಕ್ಸ್‌ನೆಟ್’ ಎಂಬ ಕೀಟವು ಸೀಮೆನ್ಸ್ ಕಂಪನಿಯ ಸಾಫ್ಟ್‌ವೇರಿನೊಳಗೆ ತಯಾರಕರೇ ಖಾಯಮ್ಮಾಗಿ ಕೂಡಿಸಿಟ್ಟಿದ್ದ ಪಾಸ್‌ವರ್ಡನ್ನೂ ಬಳಸಿಕೊಂಡಿತ್ತು. ಎಲ್ಲ ಮನೆಗಳಿಗೂ ಒಂದೇ ಕೀಲಿ, ಆ ಕೀಲಿ ಸಂತೆಯ ಸೊತ್ತು!

ಹಾಗಾದರೆ ಮೊದಲಿನಿಂದಲೇ ಸರಿಯಾಗಿ ಕಟ್ಟಿ ತೋರಿಸಿದವರು ಇದ್ದಾರೆಯೇ? ಇದ್ದಾರೆ. ಸಾಫ್ಟ್‌ವೇರಿನ ದೊಡ್ಡ ರೋಗಗಳಲ್ಲಿ ಒಂದನ್ನು ಒಕ್ಕಲಿಗನ ಮಾತಿನಲ್ಲಿ ಹೇಳುವುದಾದರೆ ಬದು ಒತ್ತುವುದು. ಕಂಪ್ಯೂಟರಿನ ಸ್ಮೃತಿಯಲ್ಲಿ ಒಂದು ಕೆಲಸಕ್ಕೆ ಇಷ್ಟು ಜಾಗವೆಂದು ಗೊತ್ತುಮಾಡಿದ್ದರೂ, ಹಳೆಯ ‘ಸಿ’ ಭಾಷೆಯಲ್ಲಿ ಬರೆದ ಕ್ರಮವಿಧಿಯು ಬದು ದಾಟಿ ಪಕ್ಕದ ಹೊಲವನ್ನು ಉತ್ತರೂ ತಡೆಯುವವರಿಲ್ಲ. ಕಳ್ಳನು ಈ ಬದುವಿನಿಂದಲೇ ನುಗ್ಗುತ್ತಾನೆ. ತಮ್ಮ ಗಂಭೀರ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಈ ಜಾತಿಯವೆಂದು ಮೈಕ್ರೊಸಾಫ್ಟ್ 2019ರಲ್ಲಿ, ಕ್ರೋಮ್ ತಯಾರಕರು 2020ರಲ್ಲಿ ತಾವೇ ಒಪ್ಪಿಕೊಂಡರು. ಬದು ದಾಟಲು ಬಿಡದ ‘ರಸ್ಟ್’ನಂಥ ಭಾಷೆಗಳಲ್ಲಿ ಹೊಸ ಭಾಗಗಳನ್ನು ಬರೆಯತೊಡಗಿದ ಮೇಲೆ, ಆಂಡ್ರಾಯ್ಡ್ ಫೋನಿನ ದೋಷಗಳಲ್ಲಿ ಈ ಜಾತಿಯವುಗಳ ಪಾಲು 2019ರಲ್ಲಿ ಶೇಕಡಾ 76 ಇದ್ದುದು 2024ರಲ್ಲಿ ಶೇಕಡಾ 24ಕ್ಕೆ ಇಳಿಯಿತೆಂದು ಗೂಗಲ್ ಹೇಳಿತು. ಹಳೆಯದನ್ನೆಲ್ಲ ಕೆಡವಿ ಕಟ್ಟಿದ್ದರಿಂದ ಈ ಫಲ ಬಂದುದಲ್ಲ; ಹೊಸದನ್ನು ಸರಿಯಾಗಿ ಕಟ್ಟಿದ್ದರಿಂದ ಬಂದುದು. ಇನ್ನು ಆಸ್ಟ್ರೇಲಿಯದ ಸಂಶೋಧಕರು 2009ರಲ್ಲಿ ‘ಎಸ್.ಇ.ಎಲ್.4’ ಎಂಬ ಚಿಕ್ಕ ಮೂಲವ್ಯವಸ್ಥೆಯೊಂದು ತನ್ನ ನಿಯಮವನ್ನು ಮೀರಲಾರದೆಂದು ರೇಖಾಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಿದರು. ಅದರ ಗಾತ್ರ ಸುಮಾರು 8,700 ಸಾಲು. ಸಾಧನೆಗೆ ಬಿದ್ದ ಶ್ರಮ ಒಬ್ಬನೇ ಮನುಷ್ಯನ ಲೆಕ್ಕದಲ್ಲಿ ಸುಮಾರು ಇಪ್ಪತ್ತು ವರುಷ.

ಇದಕ್ಕೂ ಮಿತಿಯಿದೆಯೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. 2018ರ ಜನವರಿಯಲ್ಲಿ ಕಂಪ್ಯೂಟರಿನ ಮೂಲ ಚಿಪ್ಪುಗಳಲ್ಲಿಯೇ ದೋಷವಿರುವುದು ಬಯಲಾಯಿತು. ಅಡಿಗಲ್ಲೇ ಬಿರುಕು ಬಿಟ್ಟರೆ ಗೋಡೆಯ ಗಣಿತ ಏನು ಮಾಡೀತು? ಅಲ್ಲದೆ ಸರಿಯಾಗಿ ಕಟ್ಟಿದ್ದನ್ನು ದುರಸ್ತಿಯ ಹೆಸರಿನಲ್ಲಿ ಕೆಡಿಸಲೂ ಬರುತ್ತದೆ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ 290ಕ್ಕೂ ಹೆಚ್ಚು ಪ್ರಯಾಣಿಕರು ಸತ್ತ ದುರಂತಕ್ಕೆ ಸಿಗ್ನಲ್ ತಂತಿಗಳನ್ನು ಬದಲಿಸುವಾಗ ಆದ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರು ಕಂಡುಕೊಂಡರು. ಆದುದರಿಂದ ರಚನೆಯೊಂದೇ ಸಾಲದು. ಬಾಳಿಕೆಯ ಉದ್ದಕ್ಕೂ ಅದನ್ನು ಕಾಯುವ ಹೊಣೆಯೂ ರಚನೆಯ ಭಾಗವೇ. ಹಾಗೆಂದು ಕಳ್ಳತನ ಪೂರ್ತಿ ನಿಲ್ಲುವುದಿಲ್ಲವೆಂದು ಬಾಗಿಲನ್ನೇ ಇಡದ ಬಡಗಿಯನ್ನು ಯಾವ ಊರಿನವರು ಮನ್ನಿಸುತ್ತಾರೆ?

ನಮ್ಮ ನಾಡಿನಲ್ಲಿಯೇ ಎರಡೂ ಬಗೆಯ ಉದಾಹರಣೆಗಳಿವೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ವ್ಯವಸ್ಥೆಗೆ ತಂದಿತು. ಉತಾರ ತಿದ್ದುವ ನೌಕರ ಬೆರಳಗುರುತು ಕೊಟ್ಟೇ ಒಳಹೋಗಬೇಕು. ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕು. ಮಾಡಿದ ಕೆಲಸದ ಜಾಡು ಉಳಿಯಬೇಕು ಎಂದು ಅದನ್ನು ಕಟ್ಟಲಾಗಿತ್ತು. ಅದರಿಂದ ವಂಚನೆಯೇ ಇಲ್ಲವಾಯಿತೆಂದು ರೈತನಾರೂ ಹೇಳಲಾರ. ಆದರೆ ಲಂಚ ಕೊಟ್ಟವನ ಅರ್ಜಿಯನ್ನು ಮೇಲೆ ಹಾಕುವ ಹಳೆಯ ಆಟಕ್ಕೆ ರಚನೆಯೇ ಅಡ್ಡ ನಿಂತದ್ದು ಸಣ್ಣ ಮಾತಲ್ಲ.

ಇನ್ನೊಂದು ಬಗೆಯನ್ನು ನೋಡಿರಿ. 2019ರಲ್ಲಿ ಸರಕಾರದ ಇ-ಖರೀದಿ ಜಾಲಕ್ಕೆ ಕನ್ನ ಹಾಕಿ, ಟೆಂಡರಿಗೆಂದು ಗುತ್ತಿಗೆದಾರರು ಕಟ್ಟಿದ್ದ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿಗಳನ್ನು ಸಾಗಿಸಲಾಯಿತು. 2023ರಲ್ಲಿ ನೋಂದಣಿ ಇಲಾಖೆಯ ‘ಕಾವೇರಿ’ ಜಾಲದಲ್ಲಿದ್ದ ಆಸ್ತಿಪತ್ರಗಳ ನಕಲುಗಳಿಂದ ಬೆರಳಗುರುತು, ಆಧಾರ್ ಸಂಖ್ಯೆಗಳನ್ನು ಎತ್ತಿ, ಬೆರಳಿನ ಅಚ್ಚು ತಯಾರಿಸಿ, ಆಧಾರ್ ಆಧರಿಸಿದ ಪಾವತಿ ವ್ಯವಸ್ಥೆಯ ಮೂಲಕ ಮಂಗಳೂರು ಮೊದಲಾದ ಕಡೆಗಳಲ್ಲಿ ಜನರ ಬ್ಯಾಂಕು ಖಾತೆಯಿಂದ ಹಣ ತೆಗೆದರು. ಆ ಮೇಲೆ ಇಲಾಖೆಯು ನಕಲುಗಳಲ್ಲಿ ಬೆರಳಗುರುತನ್ನು ಮರೆಮಾಡಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಪಾಸ್‌ವರ್ಡು ಕಳುವಾದರೆ ಬೇರೆ ಮಾಡಿಕೊಳ್ಳಬಹುದು. ಬೆರಳು ಕಳುವಾದರೆ ಬೇರೆ ಬೆರಳನ್ನು ಯಾವ ಅಂಗಡಿಯಲ್ಲಿ ತರಬೇಕು? ತನ್ನ ಬೆರಳಗುರುತಿಗೆ ತಾನೇ ಹೋಗಿ ಬೀಗ ಹಾಕಿಕೊಳ್ಳಬೇಕೆಂಬ ಉಪದೇಶ ಖಾತೆದಾರನಿಗೆ ಸಿಕ್ಕಿತು. ಬಾಗಿಲು ಮೊದಲು ಮುಚ್ಚಿರಲಿ ಎಂಬ 1975ರ ಸೂತ್ರ 2023ರಲ್ಲಿಯೂ ಇಲ್ಲಿಗೆ ತಲುಪಿರಲಿಲ್ಲ.

ಜ್ಞಾನವಿದ್ದೂ ಹೀಗೇಕೆ ಆಗುತ್ತದೆ? ಕಾರಣ ಆರ್ಥಿಕವಾದುದು. ಸುರಕ್ಷಿತವಾಗಿ ಕಟ್ಟುವ ಖರ್ಚು ಮಾರುವವನ ಜೇಬಿನದು. ಸುರಕ್ಷಿತವಲ್ಲದ್ದರಿಂದ ಆಗುವ ನಷ್ಟ ಇನ್ನೊಬ್ಬನ ಜೇಬಿನದು. ಮಾರುವಾಗ ಬರೆಸಿಕೊಳ್ಳುವ ಉದ್ದನೆಯ ಕರಾರಿನಲ್ಲಿ ‘ಇದ್ದಂತೆ ಕೊಟ್ಟಿದೆ, ನಷ್ಟಕ್ಕೆ ನಾವು ಹೊಣೆಯಲ್ಲ’ ಎಂಬ ತಾತ್ಪರ್ಯದ ಮಾತು ತಪ್ಪದೆ ಇರುತ್ತದೆ. ಯಾವ ಉದ್ಯಮದಲ್ಲಿ ಲಾಭ ಖಾಸಗಿಯಾಗಿ, ನಷ್ಟ ಸಾರ್ವಜನಿಕವಾಗಿ ಹಂಚಿಕೆಯಾಗುತ್ತದೆಯೋ ಅಲ್ಲಿ ಒಳ್ಳೆಯ ಇಂಜಿನಿಯರನ ಮಾತು ನಡೆಯುವುದಿಲ್ಲ. ಸರಕಾರಗಳೂ ಇದರಲ್ಲಿ ಶುದ್ಧಹಸ್ತರಲ್ಲ. 2017ರ ಮೇ ತಿಂಗಳಲ್ಲಿ ಚೆನ್ನೈಯ ರೆನೊ-ನಿಸಾನ್ ಕಾರಖಾನೆಯವರೆಗೂ ಬಂದು ತಟ್ಟಿದ ‘ವಾನಾಕ್ರೈ’ ದಾಳಿಯು ಅಮೆರಿಕೆಯ ಬೇಹು ಸಂಸ್ಥೆ ತನ್ನ ಉಪಯೋಗಕ್ಕೆಂದು ಗುಟ್ಟಾಗಿ ಕೂಡಿಟ್ಟುಕೊಂಡಿದ್ದ ದೋಷವೊಂದನ್ನೇ ಆಯುಧವಾಗಿ ಮಾಡಿಕೊಂಡಿತ್ತು.

ನಷ್ಟ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಬೇಲೂರಿನ ಕಾರ್ಮಿಕರು 2025ರ ಬ್ರಿಟನ್ನಿನಿಂದ ಕಲಿಯಬೇಕು. ಟಾಟಾ ಮೋಟಾರ್ಸಿನ ಒಡೆತನದಲ್ಲಿದ್ದ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ ಸೆಪ್ಟೆಂಬರ್ 1ರಿಂದ ಸುಮಾರು ಐದು ವಾರ ಉತ್ಪಾದನೆ ನಿಂತಿತು. ಬ್ರಿಟನ್ನಿಗೆ ಆದ ನಷ್ಟ ಸುಮಾರು 190 ಕೋಟಿ ಪೌಂಡು, ತೊಂದರೆಗೊಳಗಾದ ಸಂಸ್ಥೆಗಳು 5,000ಕ್ಕೂ ಹೆಚ್ಚು ಎಂದು ಅಲ್ಲಿಯ ಸೈಬರ್ ನಿಗಾ ಕೇಂದ್ರ ಅಂದಾಜು ಮಾಡಿತು. ಕಂಪನಿಗೆ 150 ಕೋಟಿ ಪೌಂಡಿನ ಸಾಲಕ್ಕೆ ಸರಕಾರವೇ ಜಾಮೀನು ನಿಂತಿತು. ಬಿಡಿಭಾಗ ಒದಗಿಸುವ ಸಣ್ಣ ಘಟಕಗಳ ಕಾರ್ಮಿಕರನ್ನು ಮಾತ್ರ ಕಡಿಮೆ ಸಂಬಳಕ್ಕೆ, ಇಲ್ಲವೆ ಸಂಬಳವೇ ಇಲ್ಲದೆ ಮನೆಗೆ ಕಳಿಸಲಾಗುತ್ತಿದೆಯೆಂದು ‘ಯುನೈಟ್’ ಕಾರ್ಮಿಕ ಸಂಘ ಕೂಗಿ ಹೇಳಿತು. ದೊಡ್ಡವನಿಗೆ ಜಾಮೀನು, ಚಿಕ್ಕವನಿಗೆ ರಜೆ! ಬ್ರಿಟನ್ನಿನಲ್ಲಿ ನಿರುದ್ಯೋಗಿಗೆ ಸರಕಾರದ ಭತ್ತೆಯಾದರೂ ಇದೆ. ಮುಮ್ಮಿಗಟ್ಟಿಯ ಗುತ್ತಿಗೆ ಕಾರ್ಮಿಕನಿಗೆ ಐದು ವಾರ ಕೆಲಸ ನಿಂತರೆ ಕಿರಾಣಿ ಅಂಗಡಿಯ ಉದ್ರಿ ಬಿಟ್ಟು ಬೇರೆ ಯಾವ ಆಸರೆಯಿದೆ?

ಇದರ ಮೇಲೆ ಇನ್ನೊಂದು ಅನ್ಯಾಯ. ಯಾವ ಕಾರಖಾನೆಯಲ್ಲಿ ಇಂಥ ಅವಘಡವಾದರೂ ಮೊದಲು ಕೇಳಿಬರುವ ಮಾತು ‘ಮಾನವ ದೋಷ’. ಯಾವನೋ ಹುಡುಗ ತಪ್ಪು ಪತ್ರವನ್ನು ತೆರೆದ, ಯಾವನೋ ಸಹಾಯಕ ಹೊರಗಿನ ಪೆನ್‌ಡ್ರೈವ್ ಚುಚ್ಚಿದ ಎಂದು ಮೆಮೊ ಹೊರಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒಬ್ಬ ಹುಡುಗನ ಒಂದು ಬೆರಳಿನ ತಪ್ಪಿಗೆ ಇಡೀ ಕಾರಖಾನೆ ಮಲಗುವುದಾದರೆ ಅಪರಾಧ ಬೆರಳಿನದಲ್ಲ, ಹಾಗೆ ಮಲಗುವಂತೆ ಕಟ್ಟಿದವರದು.

ನಮ್ಮ ಕಾಯಿದೆಗಳು ಈ ಅನ್ಯಾಯವನ್ನು ಸರಿಪಡಿಸಿವೆಯೇ? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ. ಕೇಳಲು ಗಂಭೀರವಾಗಿದೆ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಹಣ ಕಳೆದುಕೊಂಡ ಬಡವನಿಗಲ್ಲ. ನಷ್ಟ ಹೊಂದಿದವನಿಗೆ ಪರಿಹಾರದ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಕಲಮನ್ನು ತೆಗೆದುಹಾಕಲು ಇದೇ ಹೊಸ ಕಾಯಿದೆಯ 44ನೆಯ ಕಲಮು ಏರ್ಪಾಟು ಮಾಡಿದೆ. ಬೇಲೂರಿನ ಬಳಿ ಹೆದ್ದಾರಿಯ ಬದಿಗೇ ಉಚ್ಚ ನ್ಯಾಯಾಲಯದ ಧಾರವಾಡ ಪೀಠವಿದೆ. ಆದರೆ ಅಲ್ಲಿಯ ಮೆಟ್ಟಿಲು ಹತ್ತಲು ಕಾರ್ಮಿಕನಿಗೆ ಕಾಯಿದೆಯ ಕಲಮೊಂದು ಬೇಕಲ್ಲ! ಯುರೋಪಿನಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿದೆ. ಅಲ್ಲಿಯ ಒಕ್ಕೂಟವು 2024ರಲ್ಲಿ ಎರಡು ಕಾಯಿದೆಗಳನ್ನು ಮಾಡಿತು. ಒಂದು, ಡಿಜಿಟಲ್ ಸರಕುಗಳನ್ನು ರಚನೆಯಿಂದಲೇ ಸುರಕ್ಷಿತವಾಗಿ ಕಟ್ಟಬೇಕೆಂದು ವಿಧಿಸುತ್ತದೆ. ಅದರ ಮುಖ್ಯ ಕಟ್ಟಳೆಗಳು ಅನ್ವಯಿಸುವ ದಿನ 2027ರ ಡಿಸೆಂಬರ್ 11. ಇನ್ನೊಂದು, ಸಾಫ್ಟ್‌ವೇರೂ ಒಂದು ಸರಕೇ, ಅದರ ದೋಷದಿಂದಾದ ಹಾನಿಗೆ ತಯಾರಕನೇ ಹೊಣೆ ಎಂದು ಹೇಳುತ್ತದೆ.

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಸಣ್ಣ ಘಟಕದ ಮಾಲಕನೊಬ್ಬ ಹೇಳಿಯಾನು: ಸಾಲ ಮಾಡಿ ತಂದ ಯಂತ್ರ ಇನ್ನೂ ಇಪ್ಪತ್ತು ವರುಷ ನಡೆಯಬೇಕು, ಇದನ್ನು ಎಸೆಯಲೇ? ಎಸೆಯಬೇಕಾಗಿಲ್ಲ. ಹಳೆಯ ಯಂತ್ರವನ್ನು ಹೊರಜಾಲದಿಂದ ಬೇರ್ಪಡಿಸಿ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಇಪ್ಪತ್ತು ವರುಷ ಬಾಳುವ ಯಂತ್ರ ಮಾರಿ ಐದೇ ವರುಷಕ್ಕೆ ಸಾಫ್ಟ್‌ವೇರಿನ ಆರೈಕೆ ನಿಲ್ಲಿಸಿದವನನ್ನು ಪ್ರಶ್ನಿಸಲು ಆ ಮಾಲಕನೂ ನಮ್ಮೊಡನೆ ಬರಬೇಕು. ಇಲ್ಲಿ ಅವನ ಹಿತ, ಕಾರ್ಮಿಕನ ಹಿತ ಎರಡೂ ಒಂದೇ. ಇನ್ನೊಂದು ಅಪಾಯವೂ ಇದೆ. ಸುರಕ್ಷತೆಯ ಹೆಸರಿನಲ್ಲಿ ಯಂತ್ರಕ್ಕೆ ಬೀಗ ಜಡಿದು, ಕೊಂಡವನೇ ಅದನ್ನು ದುರಸ್ತಿ ಮಾಡಿಕೊಳ್ಳದಂತೆ ಮಾಡುವ ಕಂಪನಿಗಳಿವೆ. ಸುರಕ್ಷತೆಯ ಹೆಸರಿನಲ್ಲಿ ಕಾರ್ಮಿಕನ ಪ್ರತಿ ಹೆಜ್ಜೆಗೂ ಕ್ಯಾಮರಾ ಇಡುವ ಮಾಲಕರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ಬೀಗ ಕಳ್ಳನಿಗಿರಲಿ, ಮನೆಯವನಿಗೆ ಬೇಡ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದನೆಯದಾಗಿ, ಯಂತ್ರ ರೂಪಿಸುವವನ ಹೊಣೆಯ ಕಲಮಿನಲ್ಲಿ ಅದನ್ನು ನಡೆಸುವ ಸಾಫ್ಟ್‌ವೇರನ್ನು ಹೆಸರಿಸಿ ಸೇರಿಸಬೇಕು. ಹೊಣೆಯಲ್ಲವೆಂಬ ಕರಾರು ಕಾಯಿದೆಯ ಮುಂದೆ ನಿಲ್ಲಕೂಡದು. ಎರಡನೆಯದಾಗಿ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಹೆಸ್ಕಾಂ, ವಾಯವ್ಯ ಸಾರಿಗೆ ಸಂಸ್ಥೆಗಳೂ ರಾಜ್ಯದ ಎಲ್ಲ ಇಲಾಖೆಗಳೂ ಎಲ್ಲರಿಗೂ ಒಂದೇ ಪಾಸ್‌ವರ್ಡಿನ ಸರಕನ್ನು ಕೊಳ್ಳುವುದನ್ನು ನಿಲ್ಲಿಸಿ, ಯಂತ್ರದ ಬಾಳಿಕೆಯಷ್ಟು ಕಾಲ ದೋಷ ತಿದ್ದಿಕೊಡುವ ಕರಾರನ್ನು ಟೆಂಡರಿನಲ್ಲಿಯೇ ಬರೆಸಬೇಕು. ಸರಕಾರದಷ್ಟು ದೊಡ್ಡ ಗಿರಾಕಿ ಇನ್ನಾರಿದ್ದಾರೆ? ಮೂರನೆಯದಾಗಿ, ದಾಳಿಯಿಂದ ಕೆಲಸ ನಿಂತ ದಿನಗಳಿಗೆ ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಎಲ್ಲರಿಗೂ ಪೂರ್ಣ ಪಗಾರ ಕೊಡಬೇಕು. ರಚನೆಯ ದೋಷವನ್ನು ವಿಚಾರಿಸದೆ ಯಾವ ಕೆಲಸಗಾರನ ಮೇಲೂ ಶಿಸ್ತಿನ ಕ್ರಮ ಜರುಗಿಸಕೂಡದು. ನಾಲ್ಕನೆಯದಾಗಿ, ವಸೂಲಾದ ದಂಡದಲ್ಲಿ ನಷ್ಟ ಹೊಂದಿದವನಿಗೆ ಮೊದಲ ಪಾಲು ಸಿಗಬೇಕು. ಐದನೆಯದಾಗಿ, ಧಾರವಾಡದಲ್ಲಿ ಐ.ಐ.ಟಿ. ಇದೆ, ಐ.ಐ.ಐ.ಟಿ. ಇದೆ, ಜನರ ತೆರಿಗೆಯಿಂದ ನಡೆಯುವ ಈ ವಿದ್ಯಾಲಯಗಳ ತಜ್ಞರು ತಿಂಗಳಿಗೊಮ್ಮೆಯಾದರೂ ಬೇಲೂರಿಗೆ ಬಂದು ಸಣ್ಣ ಘಟಕಗಳ ಯಂತ್ರಗಳನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಟನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಮಾಡಬೇಕು.

ಯಂತ್ರದ ಗಾಲಿಗೆ ಬೇಲಿ ಹಾಕಿರಿ ಎಂದಾಗಲೂ ಅಂದಿನ ಮಾಲಕರು ಅದು ಅಸಾಧ್ಯ, ಖರ್ಚಿನದು, ಕೆಲಸಗಾರನೇ ಎಚ್ಚರದಿಂದಿರಲಿ ಎಂದಿದ್ದರು. ಅದೆಷ್ಟೋ ಬೆರಳುಗಳು ಹೋದ ಮೇಲೆ, ಸಂಘಗಳು ಹೋರಾಡಿದ ಮೇಲೆ, ಬೇಲಿ ಬಂದಿತು. ಈ ಹೊಸ ಬೇಲಿಯೂ ಮಾರುವವರ ಔದಾರ್ಯದಿಂದ ಬರುವಂಥದಲ್ಲ. ಬೇಲೂರಿನ ಸಂಘಗಳು ತಮ್ಮ ಮುಂದಿನ ಬೇಡಿಕೆಪಟ್ಟಿಯಲ್ಲಿ ಪಗಾರ, ಬೋನಸ್ಸುಗಳ ಜೊತೆಗೆ ಇದಕ್ಕೂ ಒಂದು ಸಾಲು ಮೀಸಲಿಡಲಿ. ನಮ್ಮ ಯಂತ್ರದ ಬಾಗಿಲನ್ನು ಯಾರು ಕಟ್ಟಿದರು, ಅದರ ಕೀಲಿ ಯಾರ ಯಾರ ಕೈಯಲ್ಲಿದೆ ಎಂದು ಕೇಳುವ ಹಕ್ಕು ಆ ಯಂತ್ರದ ಮುಂದೆ ಎಂಟು ತಾಸು ನಿಲ್ಲುವವನಿಗೆ ಇಲ್ಲದಿದ್ದರೆ ಇನ್ನಾರಿಗಿದೆ?